ಅಂಗಾತ ಮಲಗಲಿ ಕಂದ

ವರ್ತೂರು ಕೆರೆಯ ಆಚೀಚೆ ಬಹುಮಹಡಿ ಕಟ್ಟಡಗಳು ಎದ್ದ ಮೇಲೆ ಇಲ್ಲಿನ ಬಾಣಂತನದ ರೀತಿಯೂ ಬದಲಾಗಿದೆ. ಮಗಳು ತವರಿಗೆ ಹೋಗುವ ಬದಲು ತವರೇ ಅವಳಿದ್ದಲ್ಲಿಗೆ ಬರುತ್ತದೆ. ತಾಯಿಯ ಜೊತೆಯಲ್ಲಿ ಸಾಂಬ್ರಾಣಿ, ಕೌದಿ, ಸಾಸಿವೆ ತುಂಬಿದ ಪುಟ್ಟ ದಿಂಬುಗಳೂ ಬರುತ್ತವೆ.

ಇತ್ತೀಚೆಗೆ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. "ಮೇಷ್ಟ್ರೇ, ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಉಸಿರಿಗೆ ಸಿಕ್ಕುತ್ತೆ, ಬೋರಲು ಮಲಗಿಸಿ ಅಂತಾರೆ ನಮ್ಮತ್ತೆ. ನನ್ನ ಹೆಂಡತಿ ಒಪ್ಪುತ್ತಿಲ್ಲ. ಮನೆಯಲ್ಲಿ ಮಾತೇ ನಿಂತಿದೆ" ಎಂದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಆ ಅಜ್ಜಿಯ ಭಯವನ್ನು ಹಗುರವಾಗಿ ಕಾಣಬಾರದು. ಅಮೆರಿಕದ ಡಾ. ಬೆಂಜಮಿನ್ ಸ್ಪಾಕ್ ಅವರ ಪ್ರಸಿದ್ಧ ಶಿಶುಪಾಲನಾ ಗ್ರಂಥವೂ 1950ರ ದಶಕದಿಂದ ಇದೇ ಕಾರಣ ಕೊಟ್ಟು ಬೋರಲು ನಿದ್ರೆಯನ್ನು ಸಲಹೆ ಮಾಡಿತ್ತು. ಆದರೆ ನಾವು ತರಗತಿಯಲ್ಲಿ ಬರೆಯುತ್ತಿದ್ದ ಚಿತ್ರವನ್ನು ನೆನೆಯಿರಿ: ಶ್ವಾಸನಾಳ ಮುಂದೆ, ಅನ್ನನಾಳ ಹಿಂದೆ. ಮಗು ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ. ಕಕ್ಕಿದ ಹಾಲು ಅದರೊಳಗೆ ಹೋಗಬೇಕಾದರೆ ಮೇಲಕ್ಕೆ ಏರಬೇಕು. ಬೋರಲು ಮಲಗಿದಾಗ ಈ ಅನುಕೂಲ ತಲೆಕೆಳಗಾಗುತ್ತದೆ. ಮುಖ ಹಾಸಿಗೆಗೆ ಒತ್ತಿಕೊಂಡರೆ ತಾನು ಬಿಟ್ಟ ಗಾಳಿಯನ್ನೇ ಮಗು ಮತ್ತೆ ಉಸಿರಾಡುವ ಅಪಾಯವೂ ಇದೆ.

ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 1992ರಲ್ಲಿ ಬೋರಲು ಮಲಗಿಸುವುದು ಬೇಡವೆಂದಿತು. 1994ರಲ್ಲಿ ದೇಶವ್ಯಾಪಿ ಪ್ರಚಾರ ಆರಂಭವಾಯಿತು. ಸುಮಾರು ಹತ್ತು ವರ್ಷಗಳಲ್ಲಿ, ನಿದ್ರೆಯಲ್ಲಿಯೇ ಹಠಾತ್ತನೆ, ಕಾರಣ ತಿಳಿಯದೆ ಸಾಯುವ ಶಿಶುಗಳ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಔಷಧವಿಲ್ಲ, ಯಂತ್ರವಿಲ್ಲ, ಮಲಗಿಸುವ ಭಂಗಿ ಬದಲಾದದ್ದೇ ಇದಕ್ಕೆ ಮುಖ್ಯ ಕಾರಣ.

ಆದ್ದರಿಂದ ಮೊದಲ ಒಂದು ವರ್ಷ, ಹಗಲಾಗಲಿ ಇರುಳಾಗಲಿ, ಕಂದನನ್ನು ಅಂಗಾತವೇ ಮಲಗಿಸಿ. ಮಗ್ಗುಲಾಗಿ ಮಲಗಿಸಿದ ಮಗು ಸುಲಭವಾಗಿ ಬೋರಲಾಗಬಹುದು, ಅದೂ ಬೇಡ. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಲಿ. ಅದರಲ್ಲಿ ದಿಂಬು, ದಪ್ಪ ಕೌದಿ, ಗೊಂಬೆಗಳು ಇರಬಾರದು. ಸೀರೆಯ ಜೋಲಿಯಲ್ಲಿ ಗದ್ದ ಎದೆಗೆ ಬಾಗಿ ಉಸಿರು ಕಟ್ಟಬಹುದು. ನಿದ್ದೆ ಹತ್ತಿದೊಡನೆ ಹಾಸಿಗೆಗೆ ಇಳಿಸಿ. ತಾಯಿಯ ಕೋಣೆಯಲ್ಲಿಯೇ, ಪ್ರತ್ಯೇಕ ಹಾಸಿಗೆಯಲ್ಲಿ ಮಗು ಮಲಗಲಿ. ತಾನಾಗಿಯೇ ಎರಡೂ ಕಡೆಗೆ ಹೊರಳಲು ಕಲಿತ ಮೇಲೆ ನಿದ್ದೆಯಲ್ಲಿ ಹೊರಳಿದರೆ ತಿರುಗಿಸಬೇಕಾಗಿಲ್ಲ.

ತಲೆ ಚಪ್ಪಟೆಯಾದೀತೆಂಬ ಚಿಂತೆಗೆ ಸಾಸಿವೆ ದಿಂಬು ಬೇಕಿಲ್ಲ. ಮಗು ಎಚ್ಚರವಾಗಿರುವಾಗ, ಕಣ್ಣೆದುರಿನಲ್ಲಿಯೇ, ದಿನಕ್ಕೆ ಕೆಲವು ಬಾರಿ ಬೋರಲು ಹಾಕಿ ಆಡಿಸಿದರೆ ಸಾಕು. ಆ ಕೆಲಸಕ್ಕೆ ಅಜ್ಜಿಗಿಂತ ಯೋಗ್ಯರು ಯಾರಿದ್ದಾರೆ?

"ಅತ್ತೆಯವರೊಡನೆ ವಾದಿಸಬೇಡ, ಆ ಎರಡು ನಾಳಗಳ ಚಿತ್ರ ಬರೆದು ತೋರಿಸು" ಎಂದೆ. ಹಿರಿಯರನ್ನು ಸುಮ್ಮನಾಗಿಸುವುದು ಸುಲಭ. ಆದರೆ ಮಧ್ಯರಾತ್ರಿ ಮಗುವನ್ನು ಎತ್ತಿಕೊಳ್ಳುವ ಕೈ ಅವರದೂ ಹೌದು. ಕಾರಣ ಅವರಿಗೂ ತಿಳಿದಿರಬೇಕು.