ಮುಖವಾಡ ಹೊಲಿದವರು

ಕೃತಕ ಬುದ್ಧಿಮತ್ತೆಯ ಬಗೆಗಿನ ವ್ಯಂಗ್ಯಚಿತ್ರಗಳನ್ನು ಸಂಶೋಧನೆಗೆಂದು ಕೂಡಿಡತೊಡಗಿದಾಗ ನನ್ನ ಫೋಲ್ಡರಿನ ತುಂಬ ರೋಬೋಟುಗಳೇ ಸೇರಿಕೊಂಡವು. ಕುರ್ಚಿಯೇರಿದ ರೋಬೋಟು, ಪೆನ್ನು ಹಿಡಿದ ರೋಬೋಟು, ಮನುಷ್ಯನನ್ನು ಕೆಲಸದಿಂದ ತೆಗೆಯುವ ರೋಬೋಟು. ಚಿತ್ರಕಾರರ ತಪ್ಪೇನಲ್ಲ ಬಿಡಿ. ಬರೀ ಅಂಕಿಗಳ ಲೆಕ್ಕಾಚಾರವನ್ನು ಕೈಕಾಲು ಕೊಡದೆ ಬಿಡಿಸುವುದಾದರೂ ಹೇಗೆ? 2017ರ ಅಕ್ಟೋಬರಿನಲ್ಲಿ ಆರ್. ಕಿಕುವೊ ಜಾನ್ಸನ್ ‘ದಿ ನ್ಯೂಯಾರ್ಕರ್’ ಮುಖಪುಟಕ್ಕೆ ಬಿಡಿಸಿದ್ದು ಈ ಬಗೆಯಲ್ಲಿ ನನಗೆ ತೀರಾ ಇಷ್ಟ: ಬೀದಿಯಲ್ಲಿ ರೋಬೋಟುಗಳ ಓಡಾಟ, ಕೆಳಗೆ ಕೂತು ಭಿಕ್ಷೆ ಬೇಡುವ ಮನುಷ್ಯ.

ನನ್ನನ್ನು ಕಾಡಿದ್ದು ಮಾತ್ರ ರೋಬೋಟೇ ಇಲ್ಲದ ಒಂದು ಚಿತ್ರ. ಚಾಟ್‌ಜಿಪಿಟಿ ಬಂದ ಹೊಸತರಲ್ಲಿ, 2022ರ ಕೊನೆಗೆ, ಟ್ವಿಟರಿನಲ್ಲಿ ಹುಟ್ಟಿದ್ದು. ಮೈತುಂಬ ಕಣ್ಣು, ಬಳುಕುವ ಬಾಹುಗಳಿರುವ ವಿಕಾರ ಪ್ರಾಣಿ. ಅದಕ್ಕೊಂದು ಪುಟ್ಟ ನಗುಮುಖದ ಮುಖವಾಡ. ಪ್ರಾಣಿಯ ಹೆಸರು ಶಾಗಾತ್. 1936ರಲ್ಲಿ ಪ್ರಕಟವಾದ ಎಚ್. ಪಿ. ಲವ್‌ಕ್ರಾಫ್ಟ್‌ನ ಕಥೆಯಿಂದ ಬಂದದ್ದು. ಅಲ್ಲಿ ಶಾಗಾತ್‌ಗಳು ಒಡೆಯರ ಮೇಲೆ ತಿರುಗಿಬಿದ್ದ ಗುಲಾಮರು.

ನಮ್ಮ ಕಡೆ ಕಟ್ಟುತ್ತಿರುವ ಮನೆಗೆ ತೂಗುಹಾಕುವ ದೃಷ್ಟಿಬೊಂಬೆಯದು ಇದರ ಉಲ್ಟಾ ಲೆಕ್ಕ. ಅದರ ಕೋರೆಹಲ್ಲು, ಕೆಂಗಣ್ಣು ಎಲ್ಲ ಹೊರಗೆ, ಒಳಗೆ ಹುಲ್ಲು. ಶಾಗಾತ್‌ಗೆ ನಗು ಹೊರಗೆ, ಒಳಗೇನಿದೆ ಎಂಬುದೇ ಭಯ. ಈ ಹೋಲಿಕೆ ಹೊಳೆದ ದಿನ ಖುಷಿಯಿಂದ ಎರಡು ಪುಟ ಬರೆದೆ. ಮುಖವಾಡದ ಬಗ್ಗೆ ಬರೆಯಲು ಹೋದಾಗ ಪೆನ್ನು ನಿಂತಿತು.

ಚಿತ್ರ ಹೇಳುವ ಪ್ರಕಾರ ಆ ಮುಖವಾಡವೆಂದರೆ ಮನುಷ್ಯರ ಮೆಚ್ಚುಗೆಯಿಂದ ಯಂತ್ರವನ್ನು ಪಳಗಿಸುವ ತರಬೇತಿ. ಎರಡು ಉತ್ತರಗಳಲ್ಲಿ ಯಾವುದು ಚೆನ್ನ ಎಂದು ಜನ ಆರಿಸುತ್ತಾರೆ, ಯಂತ್ರ ಅಂಥದ್ದನ್ನೇ ಹೇಳಲು ಕಲಿಯುತ್ತದೆ. ಫೆಲೋಶಿಪ್ ಹಣ ತಡವಾದ ಆ ಕೆಲವು ತಿಂಗಳು ಹಾಗೆ ಆರಿಸಿದವರಲ್ಲಿ ನಾನೂ ಒಬ್ಬಳು. ರಾತ್ರಿ ಹಾಸ್ಟೆಲಿನಲ್ಲಿ ಕೂತು ಯಂತ್ರದ ಕನ್ನಡ ಓದುತ್ತಿದ್ದೆ. ‘ನೀನು’ ಎಂದ ಉತ್ತರ ಬಿಟ್ಟು ‘ನೀವು’ ಎಂದದ್ದನ್ನು ಒತ್ತುತ್ತಿದ್ದೆ. ಎರಡೂ ಅಡ್ಡಾದಿಡ್ಡಿಯಾಗಿದ್ದರೆ ಕಡಿಮೆ ಅಡ್ಡಾದಿಡ್ಡಿಯಾದದ್ದನ್ನು. ಬಾಡಿಗೆ ಆ ದುಡ್ಡಿನಲ್ಲೇ ಕಟ್ಟಿದ್ದು.

ಶಾಗಾತ್ ಚಿತ್ರದಲ್ಲಿ ಪ್ರಾಣಿಯಿದೆ, ಮುಖವಾಡವಿದೆ, ಅದನ್ನು ಹೊಲಿದ ಕೈ ಇಲ್ಲ. ನನ್ನ ಫೋಲ್ಡರನ್ನೆಲ್ಲ ಮತ್ತೆ ಜಾಲಾಡಿದೆ. ರೋಬೋಟಿನ ಎದುರು ಮನುಷ್ಯ ಬಡವನಾಗಿ, ಗುಲಾಮನಾಗಿ, ಬೆಪ್ಪನಾಗಿ ಸಿಗುತ್ತಾನೆ. ಯಂತ್ರದ ಒಳಗೆ ಕೂತು ಕೂಲಿ ಮಾಡುವವಳಾಗಿ ಒಂದರಲ್ಲೂ ಸಿಗಲಿಲ್ಲ.

ಗೈಡಿಗೆ ಇದನ್ನು ಹೇಳಿದೆ. “ಹಾಗಿದ್ದರೆ ಅಧ್ಯಾಯದಲ್ಲಿ ನಿನ್ನ ಅನುಭವ ಬರೆ” ಎಂದರು. ಇನ್ನೂ ಬರೆದಿಲ್ಲ. ಕೆಲಸಕ್ಕೆ ಸೇರುವಾಗ ಗುಟ್ಟು ಕಾಯುತ್ತೇನೆಂದು ಒಂದು ಪತ್ರಕ್ಕೆ ಸಹಿ ಹಾಕಿದ್ದೆ. ಎಷ್ಟು ಹೇಳಬಹುದು ಎಂದು ಅದನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ.