ಒಮ್ಮೆ ಬ್ಯಾಡ ಅಂದ್ರ

ಹೋದ ರವಿವಾರ ಬಾಜೂ ಮನಿ ಮಾಮಿ ತಮ್ಮ ಮಗಳನ್ನ ಕರಕೊಂಡು ಬಂದಿದ್ರು. ಹುಡುಗಿ ಮುಂದ ಕಲೀಲಿಕ್ಕೆ ಜರ್ಮನಿಗೆ ಹೊಂಟಾಳ. ಕುಕ್ಕರ್ ಒಯ್ಯಬೇಕೋ ಬ್ಯಾಡೋ, ಸ್ವೆಟರ್ ಇಲ್ಲೇ ತಗೋಬೇಕೋ ಅಲ್ಲೇ ತಗೋಬೇಕೋ, ಅಂತ ದೊಡ್ಡ ಯಾದಿ ಮಾಡ್ಕೊಂಡು ಬಂದಿದ್ರು. ಉಪ್ಪಿಟ್ಟು ತಿಂದು, ಚಹಾ ಕುಡದು, ಹೊರಗ ಚಪ್ಪಲಿ ಹಾಕ್ಕೋತ ಮಾಮಿ ಅಂದ್ರು, "ಇಕಿಗೂ ಒಬ್ರ ಮನ್ಯಾಗ ರೂಮ್ ಸಿಕ್ಕದಂತ. ನಿಂಗ ಗಂಟು ಬಿದ್ದಿದ್ಲಲ್ಲ ಆ ಉಪಾಸ ಕೆಡವೋ ಮುದುಕಿ, ಅಂಥಾಕಿ ಸಿಗಲಿಲ್ಲಂದ್ರ ಸಾಕವಾ."

ನಂಗ ಎದಿಯೊಳಗ ಚುರಕ್ ಅಂತು. ಮಾಮಿಗೆ ಈ ಮಾತು ಹೇಳಿದಾಕಿ ನಮ್ಮ ಮೌಶಿ. ಮೌಶಿಗೆ ಹೇಳಿದಾಕಿ ನಾನs. ಇಷ್ಟು ವರ್ಷ ಆದ್ರೂ ಆ ಸುದ್ದಿ ನಮ್ಮ ಓಣ್ಯಾಗ ಇನ್ನೂ ಜೀವಂತ ಅದ. ಅದಕ್ಕ ಇವತ್ತು ಬರದs ಬಿಡ್ತೇನಿ.

ನಾ ಹೋಗಿದ್ದು 2011ರ ಸಪ್ಟೆಂಬರ್‌ನಾಗ, ಟ್ಯೂಬಿಂಗೆನ್ ಅನ್ನೋ ಊರಿಗೆ. ನೆಕ್ಕಾರ್ ಹೊಳಿ ದಂಡಿಮ್ಯಾಲೆ ಇರೋ ಸಣ್ಣ ಊರು, ಯುನಿವರ್ಸಿಟಿ ಮಾತ್ರ 1477ರದ್ದು. ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ ಕಿಟೆಲ್ ಸಾಹೇಬ್ರು 1903ರಾಗ ತೀರಿಕೊಂಡಿದ್ದು ಅದs ಊರಾಗ. ಧಾರವಾಡದಾಗ ಕಿಟೆಲ್ ಕಾಲೇಜಿನ ಮುಂದ ದಿನಾ ಓಡಾಡೋ ನಮ್ಮಪ್ಪಗ ಅಷ್ಟು ಗೊತ್ತಾಗಿದ್ದs ಸಾಕಾತು. "ಹಂಗಂದ್ರ ನಮ್ಮವರ ಊರs ಅದು, ಹೋಗಿ ಬಾ" ಅಂತ ಕಳಿಸೇ ಬಿಟ್ರು.

ರೂಮ್ ಸಿಕ್ಕಿದ್ದು ಗುಡ್ಡದ ಮ್ಯಾಲಿನ ಒಂದು ಮನ್ಯಾಗ. ಮೂರು ಅಂತಸ್ತು, ಮೂರು ಸಂಸಾರ. ನಡಕಿನ ಅಂತಸ್ತಿನಾಗ ಮನಿ ಮಾಲಕರು, ಗಂಡ ಹೆಂಡ್ತಿ ಇಬ್ರs. ಮಕ್ಕಳು ದೂರದ ಊರಾಗ. ಆಕಿ ಸಾಲಿ ಟೀಚರ್ ಆಗಿ ರಿಟೈರ್ ಆದವರು, 73 ವರ್ಷ. ಹೆಸರು ಬ್ಯಾಡ, ಅಕ್ಕೋರು ಅಂತೇನಿ. ಬಾಡಿಗಿಯೊಳಗ ರಾತ್ರಿ ಊಟ, ರವಿವಾರ ಮಧ್ಯಾಹ್ನದ ಊಟ ಸೇರಿತ್ತು.

ಮೊದಲನೇ ದಿನಾನs ಅಕ್ಕೋರು ಮನಿ ತುಂಬ ಅಡ್ಡ್ಯಾಡಿಸಿ ಪಾಠ ಮಾಡಿದ್ರು. ಮನ್ಯಾಗ ಹಾಕ್ಕೊಳ್ಳೋ ಚಪ್ಪಲಿನs ಬ್ಯಾರೆ. ಥಂಡಿ ಎಷ್ಟs ಇರಲಿ, ಮುಂಜಾನೆ ಐದು ನಿಮಿಷ ಕಿಡಕಿ ಪೂರಾ ತಗೀಬೇಕು. ಕಸದ ಡಬ್ಬಿ ನಾಕು, ಚಹಾದ ಚರಟ ಒಂದರಾಗ, ಕಾಗದ ಒಂದರಾಗ. ಸ್ನಾನ ಆದ ಮ್ಯಾಲೆ ಗಾಜಿನ ಮ್ಯಾಲಿನ ನೀರು ರಬ್ಬರಿನಿಂದ ಒರಸಬೇಕು, ಇಲ್ಲಾಂದ್ರ ಸುಣ್ಣದ ಕಲಿ ಬೀಳ್ತದ. ರವಿವಾರ ಸಪ್ಪಳ ಮಾಡಬಾರ್ದು, ಅರಬಿ ತೊಳಿಯೋ ಮಷೀನೂ ಬಂದ್. ಆ ಸೀಮಿಗೆ ಸ್ವಾಬಿಯಾ ಅಂತಾರ. ಅಲ್ಲೆ 'ಕೇರ್‌ವೊಖೆ' ಅಂತ ಒಂದು ಪದ್ಧತಿ ಅದ. ಒಂದು ಸಣ್ಣ ಹಲಗಿ ನಿಮ್ಮ ಬಾಗಲಕ್ಕ ಬಂದು ಜೋತ್ತಂದ್ರ ಆ ವಾರ ಪಾವಟಿಗಿ, ಮನಿ ಮುಂದಿನ ಹಾದಿ ಕಸಾ ಹೊಡಿಯೋದು ನಿಮ್ಮ ಪಾಳಿ. ಬರ್ಫ ಬಿದ್ರ ಅದನ್ನೂ ತಗೀಬೇಕು. ನಮ್ಮವ್ವಗ ಹೇಳಿದ್ರ ಭಾಳ ಖುಷಿ ಆದ್ಲು. "ಇಲ್ಲೆ ಒಂದಿನ ಕಸಬರಗಿ ಹಿಡೀಲಿಲ್ಲ, ಅಲ್ಲೆ ಹಿಡಸ್ಯಾರ, ಛಲೋ ಆತು!"

ಇದೆಲ್ಲಾ ನಾ ಕಲತೆ. ಸೋತಿದ್ದು ಊಟದ ಟೇಬಲ್ ಮ್ಯಾಲೆ.

ಅಲ್ಲೆ ರಾತ್ರಿಗೆ ಒಲಿ ಹಚ್ಚಂಗಿಲ್ಲ. ಕಟಿಗಿ ಹಲಗಿ ಮ್ಯಾಲೆ ಕರೀ ಬ್ರೆಡ್, ಬೆಣ್ಣಿ, ಚೀಸ್, ಸೌತಿಕಾಯಿ, ಆತು ಊಟ. ಮೊದಲನೇ ದಿನ ಎರಡು ತುಂಡು ತಿಂದೆ. ಅಕ್ಕೋರು ಬುಟ್ಟಿ ಮುಂದ ಹಿಡದು "ಇನ್ನೊಂದು?" ಅಂದ್ರು. ನಾ ನಮ್ಮ ರೂಢಿ ಪ್ರಕಾರ "ಬ್ಯಾಡ್ರಿ" ಅಂದೆ. ಬುಟ್ಟಿ ವಾಪಸ್ ಹೋತು!

ನೀವs ಹೇಳ್ರಿ, ನಮ್ಮ ಕಡೆ ಒಂದನೇ ಬ್ಯಾಡ ಅಂದ್ರ ಬ್ಯಾಡ ಏನು? ಅದು ಬರೇ ಮರ್ಯಾದಿ. ಎರಡನೇ ಬ್ಯಾಡಕ್ಕ ಸ್ವಲ್ಪ ನಗಬೇಕು. ಮೂರನೇದಕ್ಕ "ಅರ್ಧಾ ಹಾಕ್ರಿ" ಅನ್ನಬೇಕು, ಅವರು ಪೂರ್ತಿ ಹಾಕಬೇಕು. ನಾ ಎರಡನೇದಕ್ಕ ಕಾಯ್ಕೋತ ಕೂತೆ. ಅಕ್ಕೋರು ಬೆಣ್ಣಿ ಮುಚ್ಚಿ ಫ್ರಿಜ್‌ನಾಗ ಇಟ್ರು.

ಮರುದಿನಾನೂ ಹಂಗs. ಅದರ ಮರುದಿನಾನೂ. ಬೇಕು ಅನ್ನಲಿಕ್ಕೆ ನಾಲಿಗಿ ಏಳವಲ್ದು. ಕೈ ಚಾಚಿ ತಗೋಳೋದಂತೂ ದೂರ ಉಳೀತು. ಮಧ್ಯಾಹ್ನ ಯುನಿವರ್ಸಿಟಿ ಕ್ಯಾಂಟೀನಿನಾಗ ಉಣ್ಣೋಣು ಅಂದ್ರ ಪ್ರತಿ ಯುರೋಕ್ಕೂ ಅರವತ್ತೈದರಲೆ ಗುಣಿಸಿ ಹಸಿವಿನs ಓಡಿಹೋಗ್ತಿತ್ತು. ಒಂದು ಸೇಬು ತಿಂದು ಕೂಡ್ತಿದ್ದೆ. ರಾತ್ರಿ ಹನ್ನೊಂದಕ್ಕ ರೂಮಿನ ಬಾಗಲಾ ಹಾಕ್ಕೊಂಡು ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಚಮಚಾದಲೆ ತಿಂದು ನೀರು ಕುಡದು ಮಲಗೋದು. ದೀಪಾವಳಿ ಹೊತ್ತಿಗೆ ಪುಡಿನೂ ಮುಗೀತು.

ಸ್ಕೈಪ್‌ನಾಗ ಅವ್ವ "ಯಾಕ, ಮಾರಿ ಇಳದದಲ್ಲ?" ಅಂದ್ರ "ಲೈಟ್ ಕಡಿಮಿ ಅದ" ಅಂತಿದ್ದೆ. ಮೌಶಿ ಮುಂದ ಮಾತ್ರ ಬಾಯಿ ಬಿಟ್ಟೆ. "ಭಾಳ ಜಿಪುಣ ಮುದುಕಿ ಮೌಶಿ, ಎರಡು ತುಂಡು ಬ್ರೆಡ್ ಕೊಟ್ಟು ಬುಟ್ಟಿ ಎತ್ತಿಬಿಡ್ತಾಳ" ಅಂದೆ. ಸ್ವಾಬಿಯಾದವರು ಕೈ ಬಿಗಿ ಅಂತ ಜರ್ಮನ್ ಮಂದಿನs ಚಾಷ್ಟಿ ಮಾಡ್ತಾರ, ಅದನ್ನೂ ಸೇರಿಸಿ ಹೇಳಿದೆ. ನಾ ಬ್ಯಾಡ ಅಂತಿದ್ದೆ ಅನ್ನೋದಷ್ಟು ಹೇಳಲಿಲ್ಲ.

ಡಿಸೆಂಬರ್‌ನಾಗ ನಂದs ಪಾಳಿ ಬಂತು. ಹಾದಿ ಮ್ಯಾಲಿನ ಬರ್ಫ ತಗದು, ಪಾವಟಿಗಿ ಹೊಡಕೋತ ಮ್ಯಾಲೆ ಬರೂದರಾಗ ಕಣ್ಣು ಕತ್ತಲಿ ಬಂತು. ಕಸಬರಗಿ ಹಿಡಕೊಂಡು ಅಲ್ಲೇ ಕೂತೆ. ಅಕ್ಕೋರು ಬಾಗಲಾ ತಗದು ನೋಡಿದ್ರು, ಬಂದು ಬಾಜೂಕ ಪಾವಟಿಗಿ ಮ್ಯಾಲೇ ಕೂತ್ರು.

"ನೀವು ಕಡೀಕ ಹೊಟ್ಟಿತುಂಬ ಉಂಡಿದ್ದು ಯಾವಾಗ?" ಅಂತ ಕೇಳಿದ್ರು. 22 ವರ್ಷದ ನಂಗ ಅವರು ನೀವು ಅಂತs ಮಾತಾಡ್ತಿದ್ರು. ಜರ್ಮನ್‌ದಾಗೂ ನಮ್ಮಂಗ ನೀ, ನೀವು ಎರಡೂ ಅವ. ಗುರುತಿಲ್ಲದವರಿಗೆ ನೀವು ಅನ್ನೋದು.

ಸುಳ್ಳು ಹೇಳೋ ಶಕ್ತಿ ಉಳದಿದ್ದಿಲ್ಲ. ಹೇಳಿದೆ.

"ಹಸಿವಿ ಇದ್ರ ಬ್ಯಾಡ ಅಂತ ಯಾಕ ಅಂದ್ರಿ?"

"ನಮ್ಮಲ್ಲೆ ಮೊದಲ ಬ್ಯಾಡ ಅನ್ನಬೇಕ್ರಿ."

"ಮತ್ತ ಖರೇನs ಬ್ಯಾಡಾಗಿದ್ರ?"

"ತಾಟಿನ ಮ್ಯಾಲೆ ಕೈ ಅಡ್ಡ ಹಿಡೀತೇವಿ."

"ಆವಾಗ ಬಿಡ್ತಾರೇನು?"

"ಇಲ್ರಿ, ಬೆರಳ ಸಂದಿಯೊಳಗಿಂದ ಹಾಕ್ತಾರ."

ಅಕ್ಕೋರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ನ ಕೂತು ಆಮ್ಯಾಲೆ ಹೇಳಿದ್ರು. 1946ರ ಥಂಡ್ಯಾಗ ಅವರಿಗೆ ಎಂಟು ವರ್ಷ. ಯುದ್ಧ ಮುಗದಿತ್ತು, ಜರ್ಮನಿ ತುಂಬ ಹಸಿವಿ. ಅವರ ಮನ್ಯಾಗ ಐದು ಮಂದಿ ಹುಡುಗ್ರು, ತೂಕ ಮಾಡಿ ಬ್ರೆಡ್. ಯಾರರೆ ಬ್ಯಾಡ ಅಂದ್ರ ಆ ತುಂಡು ಆ ಕ್ಷಣಕ್ಕs ಬಾಜೂದವರಿಗೆ. ಹಿಂಗಾಗಿ ಯಾರೂ ಸುಮ್ನ ಬ್ಯಾಡ ಅಂತಿದ್ದಿಲ್ಲ. "ಬ್ಯಾಡ ಅಂದವರನ್ನ ಮತ್ತ ಕೇಳಿದ್ರ, ನೀ ಹೇಳಿದ್ದು ಸುಳ್ಳು ಅಂದಂಗ. ನಿಮಗ ನಾ ಹಂಗ ಹೆಂಗ ಅವಮಾನ ಮಾಡಲಿ?" ಅಂದ್ರು.

ಆಮ್ಯಾಲೆ ಇನ್ನೊಂದು ಹೇಳಿದ್ರು. ಆ ಸೀಮ್ಯಾಗ ಚನ್ನಂಗಿ ಬ್ಯಾಳಿ, ಶ್ಪೆಟ್ಸ್‌ಲೆ ಅಂತ ಹಿಟ್ಟಿನ ಶಾವಿಗಿಯಂಥಾದ್ದು, ಎರಡೂ ಕೂಡಿಸಿ ಉಣ್ತಾರ. ಬ್ಯಾಳಿಗೆ ಹಂದಿ ಮಾಂಸ ಹಾಕೋದು ರೂಢಿ. ನಾ ತಿನ್ನಂಗಿಲ್ಲ ಅಂತ ಅಕ್ಕೋರು ರವಿವಾರ ನನ್ನ ಸಲುವಾಗಿ ಸಣ್ಣ ಬೋಗಣ್ಯಾಗ ಬ್ಯಾರೆನs ಬ್ಯಾಳಿ ಇಡ್ತಿದ್ರು. ನಾ ಒಂದು ಸೌಟು ಉಂಡು "ಬ್ಯಾಡ್ರಿ" ಅಂತಿದ್ದೆ. ಮೂರು ವಾರ ಮಾಡಿ ಬಿಟ್ಟುಬಿಟ್ಟಿದ್ರು. "ನನ್ನ ಅಡಿಗಿ ನಿಮಗ ಅಸಹ್ಯ ಆಗ್ತದ ಅಂತ ತಿಳ್ಕೊಂಡೆ. ಗಂಡನ ಮುಂದ ಅತ್ತಿದ್ದೆ" ಅಂದ್ರು.

ನಾ ಚಟ್ನಿಪುಡಿ ತಿಂದು ಅಳ್ತಿದ್ದೆ, ನಡಕ ಒಂದು ಗ್ವಾಡಿ, ಆಚಿ ಕಡೆ ಅವರು.

ಆವತ್ತು ರಾತ್ರಿ ಬ್ಯಾಳಿ ಬಿಸಿ ಮಾಡಿ ಹಾಕಿದ್ರು. "ಇನ್ನೊಂದು?" ಅಂದ್ರು. "ಹೂಂ" ಅನ್ನಲಿಕ್ಕೆ ನಂಗ ಎಷ್ಟು ನಾಚಿಕಿ ಆತಂದ್ರ, ತಾಟು ನೋಡ್ಕೋತ ಅಂದೆ. ಬ್ಯಾಳಿಗೆ ಅಲ್ಲೆ ವಿನೆಗರ್ ಹಾಕ್ತಾರ, ಹುಣಸಿಹಣ್ಣಿನಂಗs ಹುಳಿ. ಎರಡನೇ ತಾಟಿಗೆ ರುಚಿ ತಿಳೀತು.

ಆಮ್ಯಾಲೆ ಶನಿವಾರ ನನ್ನ ಅಡಿಗಿ. ಒಗ್ಗರಣಿ ಕೊಡೋಕಿಂತ ಮೊದಲ ಅಕ್ಕೋರು ಪಡಸಾಲಿಯೊಳಗಿನ ಉಣ್ಣೀ ಕೋಟು ಎಲ್ಲಾ ಒಯ್ದು ಮಲಗೋ ಖೋಲ್ಯಾಗ ಇಟ್ಟು ಬಾಗಲಾ ಹಾಕ್ತಿದ್ರು. ಮೊದಲಾಗಿದ್ರ ಅದಕ್ಕೂ ಸಿಟ್ಟಾಗ್ತಿದ್ದೆ. ಅವ್ವ ಅಂಚೆಯೊಳಗ ಕಳಿಸಿದ ಚಟ್ನಿಪುಡಿ ಯಜಮಾನ್ರು ಬೆಣ್ಣಿ ಹಚ್ಚಿದ ಬ್ರೆಡ್ ಮ್ಯಾಲೆ ಉದುರಿಸಿಕೊಂಡು ತಿಂತಿದ್ರು. ಹೊಸ ವರ್ಷದ ದಿನ ಅಕ್ಕೋರು ಸೇಬಿನ ರಸದ ಗ್ಲಾಸು ಎತ್ತಿ, ಇನ್ನ ಮ್ಯಾಲೆ ನಂಗ 'ಡೂ' ಅನ್ನು ಅಂದ್ರು. ಡೂ ಅಂದ್ರ ನೀ. ಅಷ್ಟು ದೊಡ್ಡವರಿಗೆ ನೀ ಅನ್ನೋದು ಹೆಂಗಪಾ ಅಂತ ಒಂದು ಕ್ಷಣ ತಡದೆ. ಅವ್ವಗ ನೀ ಅಂತೇವಲ್ಲ, ಹಂಗs ಅಂತ ತಿಳ್ಕೊಂಡು ಅಂದೆ.

ಎರಡು ವರ್ಷಕ್ಕ ಧಾರವಾಡಕ್ಕ ಬಂದೆ. ಮೊದಲನೇ ಊಟ, ಅವ್ವ ಮೂರನೇ ಚಪಾತಿ ಹಾಕಲಿಕ್ಕೆ ಬಂದ್ಲು. ಬ್ಯಾಡ ಅಂದೆ. ಹಾಕಿದ್ಲು. "ಒಮ್ಮೆ ಬ್ಯಾಡ ಅಂದ್ನೆಲ್ಲ!" ಅಂದುಬಿಟ್ಟೆ. ಅವ್ವ ಚಪಾತಿ ತಗೊಂಡು ಒಳಗ ಹೋದ್ಲು. ಆ ಸಂಜಿ ನನ್ನ ಜೋಡಿ ಮಾತಾಡ್ಲಿಲ್ಲ.

ಅಕ್ಕೋರು ಹೋಗಿ ಈಗ ಆರು ವರ್ಷ. ನಾ ಅವರಿಗೆ ಎಲ್ಲಾ ಹೇಳಿದ್ದೆ, ಊರಾಗ ಅವರನ್ನ ಜಿಪುಣಿ ಮಾಡಿಟ್ಟೇನಿ ಅನ್ನೋದೊಂದು ಹೇಳಲಿಲ್ಲ. ಧೈರ್ಯ ಆಗಲಿಲ್ಲ. ಮೌಶಿ, ನೀ ಇದನ್ನ ಓದೇ ಓದ್ತಿ. ಅಕಿ ನನ್ನ ಉಪಾಸ ಕೆಡವಲಿಲ್ಲ, ನಾನs ಬಿದ್ದಿದ್ದೆ. ಯಾರ್ಯಾರಿಗೆ ಹೇಳಿದಿಯೋ ಅವರಿಗೆಲ್ಲಾ ಇದನ್ನೂ ಹೇಳು. ಮಾಮಿಗೆ ನಾನs ಹೋಗಿ ಹೇಳಿ ಬಂದೇನಿ.

ಮಾಮಿ ಮಗಳು ಮುಂದಿನ ವಾರ ಹೊಂಟಾಳ. ಅಕಿ ಸಲುವಾಗಿ ಒಂದು ಕಿಲೋ ಶೇಂಗಾ ಚಟ್ನಿಪುಡಿ ಕುಟ್ಟಲಿಕ್ಕೆ ಹಚ್ಚೇನಿ. ಅರ್ಧಾ ಅಕಿಗೆ, ಅರ್ಧಾ ಆ ಮನಿಯವರಿಗೆ.