ಒಂಬತ್ತು ಮಿಲಿಮೀಟರಿನ ಹಳಿ

ಊರು ದೊಡ್ಡದಾಗುತ್ತ ಹೋದಂತೆ ಹಳಿ ಕಿರಿದಾಗುತ್ತ ಹೋಗುವ ಪ್ರಯಾಣವಿದು. ಶಿಡ್ಲಘಟ್ಟದಲ್ಲಿ ರೈಲು ಹತ್ತಿದರೆ ಎರಡು ಹಳಿಗಳ ನಡುವೆ 1676 ಮಿಲಿಮೀಟರ್. ಯಶವಂತಪುರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿದರೆ 1435. ದಾಸರಹಳ್ಳಿಯಲ್ಲಿ ಇಳಿದು, ಆಟೊ ಹಿಡಿದು, ಬಾಗಲಗುಂಟೆಯ ಒಂದು ಮನೆಯ ಮಹಡಿ ಹತ್ತಿದರೆ ಬರೀ 9. ಆ ಒಂಬತ್ತನ್ನು ನೋಡಲೆಂದೇ ನಾನು ಹೊರಟಿದ್ದೆ. ಎಚ್‌ಎಂಟಿಯ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದ ನನ್ನ ಸೋದರಮಾವ ಮನೆಯಲ್ಲಿ ಕೂತು ಉಗಿಬಂಡಿ ಕಟ್ಟುತ್ತಿದ್ದಾರೆ, ಅದೂ ಡಾರ್ಜಿಲಿಂಗಿನದು ಎಂಬ ಸುದ್ದಿ ಊರಿನವರೆಗೂ ಬಂದಿತ್ತು.

ಎದುರು ಸೀಟಿನ ಅಜ್ಜಿ ‘ಎಲ್ಲಿಗಪ್ಪ ಹೊರಟಿದ್ದು?’ ಎನ್ನುತ್ತಾರೆ. ‘ರೈಲು ನೋಡೋಕೆ ಅಜ್ಜಿ’ ಎನ್ನುತ್ತೇನೆ. ‘ಮತ್ತೆ ಈಗ ಕೂತಿರೋದು ಯಾತರಲ್ಲಿ?’ ನ್ಯಾಯವಾದ ಪ್ರಶ್ನೆಯೇ. ಆದರೆ ನಾವು ಕೂತ ಈ ದಾರಿಯೂ ಹಿಂದೆ ಕಿರಿದಾಗಿಯೇ ಇತ್ತು. ಅಂದಿನ ಬೌರಿಂಗ್‌ಪೇಟೆ, ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿಯ ನ್ಯಾರೋ ಗೇಜ್ ಬಂತು. ಆಮೇಲೆ ಅದು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಪೋಣಿಸಿಕೊಂಡು ಚಿಕ್ಕಬಳ್ಳಾಪುರ ಮುಟ್ಟಿತು. ಅಲ್ಲಿಂದ ದೇವನಹಳ್ಳಿ, ಯಲಹಂಕದ ಕಡೆಯ ಸಾಲಿಗೆ ಕೂಡಿಕೊಂಡಿತು. ಕೋಲಾರ ಮತ್ತು ಚಿಕ್ಕಬಳ್ಳಾಪುರದ ನಡುವೆ ದೊಡ್ಡ ಹಳಿಯ ಮೇಲೆ ರೈಲು ಓಡಲು 2013 ಆಗಬೇಕಾಯಿತು. ‘ಚಿಕ್ಕ ರೈಲು’ ಎಂದ ಕೂಡಲೇ ಅಜ್ಜಿಯ ಮುಖ ಅರಳುತ್ತದೆ. ಕಿಟಕಿಯಾಚೆ ಇಣುಕಿದರೆ ಕಣ್ಣಿಗೆ ಕೆಂಡದ ಚೂರು ಬೀಳುತ್ತಿತ್ತಂತೆ. ಇಂಜಿನ್ನಿನ ಬಣ್ಣ ಯಾವುದಿತ್ತು ಎಂದು ಕೇಳುತ್ತೇನೆ. ‘ಅಯ್ಯೋ, ಅದನ್ಯಾರು ನೋಡಿದ್ರು!’

ಮೆಟ್ರೊ ತುಮಕೂರು ರಸ್ತೆಯ ಮೇಲೆ ಎತ್ತರದಲ್ಲಿ ಸಾಗುತ್ತದೆ. ಗೊರಗುಂಟೆಪಾಳ್ಯ, ಪೀಣ್ಯ, ಪೀಣ್ಯ ಇಂಡಸ್ಟ್ರಿ, ಜಾಲಹಳ್ಳಿ. ಕೆಳಗೆ ಕಣ್ಣು ಹಾಯುವಷ್ಟು ದೂರ ಶೀಟಿನ ಮಾಡುಗಳು, ನೀರಿನ ಟ್ಯಾಂಕುಗಳು, ಹಿಂದಕ್ಕೆ ಬರಲಾಗದೆ ಮುಂದಕ್ಕೂ ಹೋಗಲಾಗದೆ ನಿಂತ ಲಾರಿಗಳು. ನಮ್ಮೂರಿನಲ್ಲಿ ಒಂದು ಲೇತ್ ಇರುವ ಅಂಗಡಿಗೆ ವರ್ಕ್‌ಶಾಪ್ ಎಂದು ಗೌರವದ ಬೋರ್ಡು ಇರುತ್ತದೆ. ಇಲ್ಲಿ ಬೀದಿಗೆ ಬೀದಿಯೇ ಲೇತು. ಎಂಟನೇ ಮೈಲಿಯಲ್ಲಿ ಹೆಸರಘಟ್ಟ ರಸ್ತೆಗೆ ತಿರುಗಿಕೊಳ್ಳಲು ಆಟೊ ಹಿಡಿದೆ. ಮೆಟ್ರೊ ನಿಲ್ದಾಣಗಳನ್ನು ನುಂಗುತ್ತ ಬಂದ ನನ್ನನ್ನು ಆ ಒಂದು ತಿರುವು ಹಿಡಿದು ನಿಲ್ಲಿಸಿತು. ಮೀಟರು ಮಾತ್ರ ನಿಲ್ಲಲಿಲ್ಲ.

ಮನೆ ಹೊಕ್ಕರೆ ಮಾವ ಕಣ್ಣಿಗೆ ಗಡಿಯಾರದವರ ಭೂತಗನ್ನಡಿ ಸಿಕ್ಕಿಸಿಕೊಂಡೇ ತಲೆ ಎತ್ತುತ್ತಾರೆ. ‘ಬಾರಯ್ಯ ಅಳಿಯ. ಜೋರಾಗಿ ಉಸಿರು ಬಿಡಬೇಡ, ಸೀಟಿ ಹಾರಿಹೋಗುತ್ತೆ.’ ಮೇಜಿನ ಮೇಲಿನ ಬಿಳಿ ಕಾಗದದಲ್ಲಿ ಅಕ್ಕಿನುಚ್ಚಿಗಿಂತ ಚಿಕ್ಕದೊಂದು ಹಿತ್ತಾಳೆ ಚೂರು. ಅದೇ ಸೀಟಿ. ಪಕ್ಕದ ಡಬ್ಬಿಯಲ್ಲಿ ಕೆನೆಬಣ್ಣದ ರೆಸಿನ್ ತುಂಡುಗಳು: ಬಾಯ್ಲರು, ಚಾಲಕನ ಗೂಡು, ಕಲ್ಲಿದ್ದಲ ತೊಟ್ಟಿ, ಬಾಯ್ಲರಿನ ಬೆನ್ನಿಗೆ ಜೀನಿನಂತೆ ಕೂರುವ ನೀರಿನ ತೊಟ್ಟಿ. ಡಾರ್ಜಿಲಿಂಗ್ ಹಿಮಾಲಯನ್ ರೈಲ್ವೆಯ ಬಿ ಕ್ಲಾಸ್ ಇಂಜಿನ್ ಇದು. 1889ರಿಂದ ಮುಂದಿನ ದಶಕಗಳಲ್ಲಿ ಇಂಥ 34 ಇಂಜಿನ್‌ಗಳನ್ನು ಕಟ್ಟಿದರು; ಕೆಲವು ಇಂದಿಗೂ ಓಡುತ್ತಿವೆ. ಕಿಟ್‌ನಲ್ಲಿ ಬರುವುದು ಮೈ ಮಾತ್ರ. ಮೋಟರು, ಚಕ್ರ ಬೇರೆ ಕೊಳ್ಳಬೇಕು, ಕಸ್ಟಮ್ಸ್ ಸುಂಕವನ್ನು ಬೇರೆ ತೆರಬೇಕು.

‘ಕೋಲಾರದ ಇಂಜಿನ್ ಬಿಟ್ಟು ಡಾರ್ಜಿಲಿಂಗಿನದ್ಯಾಕೆ ಮಾವ?’ ಎಂದೆ. ‘ಡಾರ್ಜಿಲಿಂಗಿಂದು ಪ್ರಪಂಚಕ್ಕೆಲ್ಲ ಬೇಕು, ಕಿಟ್ ಮಾಡ್ತಾರೆ. ನಮ್ಮದು ಯಾರಿಗೆ ಬೇಕು?’ ಎಂದವರು ಕಾಗದ ಎಳೆದುಕೊಂಡು ಲೆಕ್ಕಕ್ಕಿಳಿದರು. ಕಿಟ್ 1:76 ಅಳತೆಯದು. ಡಾರ್ಜಿಲಿಂಗಿನ ಹಳಿ ಎರಡಡಿ, ಅಂದರೆ 610 ಮಿ.ಮೀ.; 76ರಿಂದ ಭಾಗಿಸಿದರೆ 8. ನಮ್ಮ ಕೋಲಾರದ ಹಳಿ 762, ಭಾಗಿಸಿದರೆ 10. ಅಂಗಡಿಯಲ್ಲಿ ಸಿಗುವ ಹಳಿ ಮಾತ್ರ 9. ಆ 9 ಹುಟ್ಟಿದ್ದೇ ಬೇರೆ ಕಾರಣಕ್ಕೆ. ಎನ್ ಗೇಜ್ ಎಂಬ 1:160 ಅಳತೆಯ ಆಟದ ರೈಲುಗಳಿಗಾಗಿ 1435 ಮಿ.ಮೀ. ಹಳಿಯನ್ನು 160ರಿಂದ ಭಾಗಿಸಿದಾಗ ಬಂದದ್ದು. ಎಂದರೆ ಮಾವನ ಮೇಜಿನ ಹಳಿ ಕೂದಲಿನಷ್ಟೂ ತಪ್ಪದೆ ನಿಯತ್ತಾಗಿರುವುದು ನಾನು ಆಗಷ್ಟೇ ಇಳಿದು ಬಂದ ಮೆಟ್ರೊಗೆ! ಎನ್ ಗೇಜಿನ ಹಳಿ, ಚಕ್ರ, ಮೋಟರು ಸುಲಭಕ್ಕೆ ಸಿಗುತ್ತವೆಂದು ಬ್ರಿಟನ್ನಿನ ಹವ್ಯಾಸಿಗಳು ಅವುಗಳ ಮೇಲೆ ದೊಡ್ಡ ಅಳತೆಯ ಮೈ ಕೂರಿಸಿ, ಅದಕ್ಕೆ 009 ಎಂದು ಹೆಸರಿಟ್ಟು, 1973ರಲ್ಲಿ ಒಂದು ಸೊಸೈಟಿಯನ್ನೂ ಕಟ್ಟಿಕೊಂಡರು. ‘ಡಾರ್ಜಿಲಿಂಗಿಗೆ ಒಂದು ಮಿಲಿಮೀಟರ್ ಜಾಸ್ತಿ, ಕೋಲಾರಕ್ಕೆ ಒಂದು ಮಿಲಿಮೀಟರ್ ಕಮ್ಮಿ. ಇಬ್ಬರಿಗೂ ಸಮಪಾಲು ಅನ್ಯಾಯ. ಅದಕ್ಕೇ ಇಬ್ಬರೂ ಒಂದೇ ಹಳಿ ಮೇಲೆ ಓಡಬಹುದು’ ಎಂದರು ಮಾವ, ತೀರ್ಪು ಕೊಟ್ಟವರ ಗತ್ತಿನಲ್ಲಿ.

ಮೊದಲ ಕೆಲಸ ಸ್ನಾನ. ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ರೆಸಿನ್ನಿಗೆ ಅಂಟಿಕೊಂಡಿರುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಸೊಟ್ಟಗಾದ ತಳಹಲಗೆಯ ಸರದಿ. ಮಾವ ಅಡುಗೆಮನೆಗೆ ನುಗ್ಗಿ ಒಲೆಯ ಮೇಲೆ ನೀರಿಡುತ್ತಾರೆ. ಬಿಸಿನೀರಿನಲ್ಲಿ ಅದ್ದಿದ ತುಂಡು, ನಮ್ಮೂರ ಫಿಲೇಚರಿನಲ್ಲಿ ರೇಷ್ಮೆಗೂಡು ಬಿಸಿನೀರು ಕುಡಿದು ನೂಲು ಬಿಟ್ಟುಕೊಡುವಂತೆ, ಹಟ ಬಿಟ್ಟು ಮೆತ್ತಗಾಗುತ್ತದೆ. ತಕ್ಷಣ ಗಾಜಿನ ಮೇಲೆ ಒತ್ತಿ ಹಿಡಿದು ತಣ್ಣೀರು ಹಾಕಿದರೆ ನೆಟ್ಟಗಾಗಿ ನಿಲ್ಲುತ್ತದೆ. ‘ಆ ಪಾತ್ರೆ ಇನ್ನು ನಿಮ್ಮ ರೈಲ್ವೆ ಇಲಾಖೆಗೇ ಇರಲಿ, ಅಡುಗೆಗೆ ಬೇಡ’ ಎಂದು ಅತ್ತೆ ಬಾಗಿಲಲ್ಲೇ ಘೋಷಿಸುತ್ತಾರೆ.

ಅರಗೆಲಸಕ್ಕೆ ಮಾವ ಮಾಸ್ಕ್ ಹಾಕಿಕೊಳ್ಳುತ್ತಾರೆ, ನನಗೂ ಒಂದು ಕೊಡುತ್ತಾರೆ. ರೆಸಿನ್ನಿನ ಪುಡಿ ಎದೆಗೆ ಹೋಗಬಾರದು. ಅದಕ್ಕೇ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜುವುದು. ಪ್ಲಾಸ್ಟಿಕ್ ಕಿಟ್‌ಗಳನ್ನು ಕರಗಿಸಿ ಬೆಸೆಯುವ ಸಿಮೆಂಟು ಇಲ್ಲಿ ನಡೆಯುವುದಿಲ್ಲ. ಸಣ್ಣದಕ್ಕೆ ಫೆವಿಕ್ವಿಕ್, ಭಾರ ಹೊರುವುದಕ್ಕೆ ಅರಾಲ್ಡೈಟ್. ಕೈಹಿಡಿ ಕಂಬಿಗೆ ಅರ್ಧ ಮಿಲಿಮೀಟರಿನ ತೂತು. ಯಂತ್ರದ ಡ್ರಿಲ್ಲು ಬಿಸಿಯಾಗಿ ರೆಸಿನ್ನನ್ನು ಮೆತ್ತಗೆ ಮಾಡೀತೆಂದು ಬೆರಳುಗಳ ನಡುವೆ ಪಿನ್ ವೈಸ್ ಹಿಡಿದು ಮೆಲ್ಲಗೆ ತಿರುಗಿಸುತ್ತಾರೆ. ಜಾಲಹಳ್ಳಿಯಲ್ಲಿ 1961ರಿಂದ ಸಿಟಿಜನ್ ಸಹಯೋಗದಲ್ಲಿ ಕೈಗಡಿಯಾರಗಳು ತಯಾರಾದವಲ್ಲ, ಆ ಕಾರ್ಖಾನೆಯ ಗೆಳೆಯರು ಕೊಟ್ಟ ಚಿಮಟ, ಸ್ಕ್ರೂಡ್ರೈವರುಗಳು ಈಗ ಡಾರ್ಜಿಲಿಂಗ್ ಇಂಜಿನ್ನಿನ ಸೇವೆಯಲ್ಲಿವೆ.

ಕಿಟ್‌ನಲ್ಲಿ ಬಂದ ಚಿಮಣಿಯೊಳಗೆ ಗಾಳಿಗುಳ್ಳೆ ಇತ್ತು. ಉಜ್ಜುತ್ತಿದ್ದಂತೆ ಅಂಚು ಉದುರಿತು. ಹೀಗಾಗಿ ನಮ್ಮ ಸವಾರಿ ಪೀಣ್ಯಕ್ಕೆ. ಮಾವನ ಹಳೆಯ ಶಿಷ್ಯನೊಬ್ಬನ ಶೆಡ್ಡು ಅದು. ಆತ ನಕ್ಷೆ ನೋಡಿ ಗಂಭೀರವಾಗಿ ‘ಎಷ್ಟು ಪೀಸ್ ಸಾರ್?’ ಎಂದ. ‘ಒಂದು.’ ‘ಒಂದು ಸಾವಿರಾನಾ?’ ‘ಒಂದಯ್ಯ!’ ಆತನ ಯಂತ್ರ ನೋಡಿದರೆ ಮೂಲ ಇಂಜಿನ್ನಿಗೇ ಚಿಮಣಿ ಕಡೆಯಬಲ್ಲದು. ಕೊನೆಗೆ ಮೂಲೆಯಲ್ಲಿದ್ದ ಸಣ್ಣ ಲೇತಿನ ಮೇಲಿನ ಬಟ್ಟೆ ತೆಗೆದು, ಹಿತ್ತಾಳೆಯ ಕಡ್ಡಿ ಕಚ್ಚಿಸಿದ. ಕೆಲಸಗಾರರೆಲ್ಲ ಸುತ್ತ ಮುತ್ತಿದರು. ಅಂಚಿನ ದುಂಡು ಎಷ್ಟಿರಬೇಕು, ಕುತ್ತಿಗೆ ಎಲ್ಲಿ ಸಣ್ಣಗಾಗಬೇಕು ಎಂದು ಒಬ್ಬೊಬ್ಬನದೂ ಒಂದೊಂದು ಅಭಿಪ್ರಾಯ. ಡಾರ್ಜಿಲಿಂಗನ್ನು ಯಾರೂ ಕಂಡವರಲ್ಲ. ಆದರೂ ಎಲ್ಲರ ಫೋನಿನಲ್ಲೂ ಕ್ಷಣದಲ್ಲಿ ಅದರ ಚಿಮಣಿ ಬಂದು ಕೂತಿತ್ತು. ದುಡ್ಡು ಎಷ್ಟೆಂದು ಕೇಳಿದರೆ ಆತ ಒಪ್ಪಲಿಲ್ಲ: ‘ಓಡಿಸುವಾಗ ಕರೀರಿ ಸಾರ್, ಸಾಕು.’

ಎರಡು ಬೀದಿ ಆಚೆಗೆ ಅಚ್ಚಿನ ಅಂಗಡಿ. ಒಡೆದರೆ ಇರಲಿ ಎಂದು ಚಿಮಣಿಯ ಮರಿಗಳನ್ನು ಮಾಡಿಸುವ ಆಸೆ ಮಾವನಿಗೆ. ಹಿತ್ತಾಳೆಯ ಮೂಲಮಾದರಿಯ ಸುತ್ತ ಸಿಲಿಕೋನ್ ರಬ್ಬರು ಸುರಿದು, ನಿರ್ವಾತದ ಪೆಟ್ಟಿಗೆಯಲ್ಲಿಟ್ಟರು. ಗಾಜಿನಾಚೆ ರಬ್ಬರು ಉಕ್ಕಿ ಉಕ್ಕಿ, ಗುಳ್ಳೆಗಳೆಲ್ಲ ಒಡೆದು, ಮತ್ತೆ ತಗ್ಗಿ ಕೂರುವುದನ್ನು ನೋಡುತ್ತ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಚ್ಚು ಗಟ್ಟಿಯಾದ ಮೇಲೆ ರೆಸಿನ್ನಿನ ಎರಡು ದ್ರವಗಳನ್ನು ಬೆರೆಸಿದರೆ ಸುರಿಯಲು ಸಿಗುವುದು ಕೆಲವೇ ನಿಮಿಷ. ಲೋಟ ತಾನಾಗಿಯೇ ಬಿಸಿಯೇರುತ್ತದೆ. ಪಕ್ಕದ ಪೌಡರ್ ಕೋಟಿಂಗ್ ಶೆಡ್ಡಿನವರು ‘ಬಣ್ಣ ನಾವೇ ಹೊಡೆದುಕೊಡ್ತೀವಿ’ ಎಂದು ಉದಾರವಾಗಿ ಕರೆದರು. ಅವರ ಒಲೆಯ ಕಾವು 180ರಿಂದ 200 ಡಿಗ್ರಿ. ಮಾವ ಇಂಜಿನ್ನಿನ ಡಬ್ಬಿಯನ್ನು ಎದೆಗವಚಿಕೊಂಡು ಹೊರಟೇಬಿಟ್ಟರು.

ಬಣ್ಣ ಮನೆಯ ತಾರಸಿಯಲ್ಲಿ. ಮೊದಲು ಬೂದು ಪ್ರೈಮರ್. ಕೆನೆಬಣ್ಣದಲ್ಲಿ ಕಾಣದ ಗೀರು, ಸಂದು, ಬೆರಳಚ್ಚುಗಳೆಲ್ಲ ಬೂದು ಬಣ್ಣದಲ್ಲಿ ಎದ್ದು ಕೂರುತ್ತವೆ. ಮತ್ತೆ ಪುಟ್ಟಿ, ಮತ್ತೆ ಉಪ್ಪುಕಾಗದ. ಏರ್‌ಬ್ರಷ್ಷಿನಿಂದ ತೆಳು ತೆಳುವಾಗಿ ನೀಲಿ. ನೀಲಿಯ ಮೇಲೆ ಹೊಳಪಿನ ವಾರ್ನಿಷ್, ಏಕೆಂದರೆ ಒರಟು ಮೈಯ ಮೇಲೆ ಅಂಕಿ ಅಕ್ಷರಗಳ ಡೆಕಾಲ್ ಅಂಟಿಸಿದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿಣುಗುತ್ತದೆ. ಕೊನೆಗೆ ಹೊಳಪು ಮುಚ್ಚುವ ಮ್ಯಾಟ್ ವಾರ್ನಿಷ್. ಅಷ್ಟಕ್ಕೂ ಮುಗಿಯಲಿಲ್ಲ. ಮಸಿ, ತುಕ್ಕು, ಧೂಳಿನ ಬಣ್ಣದ ಪುಡಿಗಳನ್ನು ಕುಂಚದಿಂದ ಸವರುತ್ತ ಕೂತ ಮಾವನನ್ನು ಕಂಡು ಅತ್ತೆ ಹಣೆ ಚಚ್ಚಿಕೊಂಡರು: ‘ಇಷ್ಟು ದಿನ ತೊಳೆದಿದ್ದು ಕೊಳೆ ಹಚ್ಚೋಕಾ?’ ಹೆಸರಘಟ್ಟ ರಸ್ತೆಯ ಕಡೆಯ ಕಿಟಕಿಯಲ್ಲಿಟ್ಟಿದ್ದರೆ ಆ ಕೆಲಸ ಪುಕ್ಕಟೆ ಆಗುತ್ತಿತ್ತೆಂದು ನನ್ನ ಅನಿಸಿಕೆ.

ಓಡಿಸುವ ದಿನ ಪೀಣ್ಯದ ಶಿಷ್ಯನೂ ಬಂದ. 12 ವೋಲ್ಟಿನ ಗುಂಡಿ ತಿರುಗಿಸಿದರೆ ಚಕ್ರ ಗಿರಗಿರ, ಇಂಜಿನ್ ಇದ್ದಲ್ಲೇ. ರೆಸಿನ್ ಹಗುರ, ಹಳಿಗೆ ಹಿಡಿತ ಸಾಲದು. ಮಾವ ಟೈರ್ ಅಂಗಡಿಯಿಂದ ತಂದ, ಚಕ್ರ ಬ್ಯಾಲೆನ್ಸ್ ಮಾಡಲು ಅಂಟಿಸುವ ಸೀಸದ ತುಂಡುಗಳನ್ನು ಬಾಯ್ಲರಿನ ಹೊಟ್ಟೆಗೆ ತುಂಬಿದರು. ಈಗ ಅದು ಹೆಜ್ಜೆ ಕಿತ್ತಿತು. ಅಸಲಿ ಡಾರ್ಜಿಲಿಂಗ್ ಇಂಜಿನ್ನಿಗೂ ಇದೇ ಕಷ್ಟ. ಅದರ ಮೂತಿಯ ಮೇಲೆ ಕೂತ ಆಳುಗಳು ಹಳಿಗೆ ಮರಳು ಚೆಲ್ಲುತ್ತ ಏರು ಹತ್ತಿಸುತ್ತಾರೆ. ಆ ಆಳುಗಳನ್ನೂ ಮಾಡಬೇಕು ಎಂದು ಮಾವನಿಗೆ ಆಗಲೇ ಹೊಳೆದುಬಿಟ್ಟಿತ್ತು. ಆದರೆ ಅದಕ್ಕಿಂತ ಮುಂಚೆ ಇಂಜಿನ್ನಿಗೆ ಒಂದು ನಿಲ್ದಾಣ ಬೇಕಲ್ಲ?

ಹಾಗಾಗಿ ನಾನು ಊರಿಗೆ ಮರಳುವ ದಾರಿಯಲ್ಲಿ ಇಬ್ಬರೂ ನಂದಿ ಹಾಲ್ಟಿನಲ್ಲಿ ಇಳಿಯುತ್ತೇವೆ. ಚಿಕ್ಕ ರೈಲಿಗೆಂದು ಕಟ್ಟಿದ ಹೆಂಚಿನ ಮಾಡಿನ ಪುಟ್ಟ ನಿಲ್ದಾಣ, ಎದುರಿಗೆ ದೊಡ್ಡ ಹಳಿ. ಈ ಸಾಲಿನ ಇಂಥ ಹಳೆಯ ನಿಲ್ದಾಣಗಳನ್ನು ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಉಳಿಸಿಕೊಳ್ಳಲು ಕೈಹಾಕಿದೆ. ‘ನಂದಿಬೆಟ್ಟದ ಬುಡಕ್ಕೆ ಡಾರ್ಜಿಲಿಂಗ್ ಇಂಜಿನ್ ಯಾವಾಗ ಬಂದಿತ್ತು ಮಾವ?’ ಎನ್ನುತ್ತೇನೆ. ‘ರಜಾ ಹಾಕಿ ಬಂದಿದೆ ಅಂದ್ಕೊ.’ ಈ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಕಂಬದ ದಪ್ಪ ಎಷ್ಟು, ಹೆಂಚು ಗೋಡೆಯಿಂದ ಎಷ್ಟು ಮುಂದೆ ಬಂದಿದೆ, ಕಿಟಕಿಯ ಚೌಕಟ್ಟು ಒಳಗಿದೆಯೋ ಹೊರಗಿದೆಯೋ ಎಂದು ಕಣ್ಣಿಟ್ಟು ನೋಡಿದ್ದು ಇವತ್ತೇ. ಇಂಜಿನ್ನಿನ ಬಣ್ಣ ನೋಡದ ಅಜ್ಜಿಗೂ ನನಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಚಿಕ್ಕದು ಮಾಡಹೊರಟವರಿಗೆ ಯಾವುದನ್ನೂ ನೋಡದೆ ಬಿಡುವ ಸೌಲಭ್ಯವಿಲ್ಲ.

ಟೇಪು ಬಿಚ್ಚುತ್ತಿದ್ದಂತೆ ಪಕ್ಕದ ಹೊಲದಿಂದ ಒಬ್ಬರು ದಾಪುಗಾಲಿಡುತ್ತ ಬಂದರು. ‘ಯಾವ ಆಫೀಸಿಂದ? ಇನ್ನೂ ಅಗಲ ಮಾಡ್ತೀರಾ? ನಮ್ಮ ಜಮೀನು ಹೋಗುತ್ತಾ?’ ಮಾವ ಶಾಂತವಾಗಿ ‘ಇಲ್ಲ ಸ್ವಾಮಿ, 76 ಪಾಲು ಚಿಕ್ಕದು ಮಾಡ್ತಾ ಇದೀವಿ’ ಎಂದು ಡಬ್ಬಿ ತೆರೆದು ಇಂಜಿನ್ ಅಂಗೈ ಮೇಲಿಟ್ಟರು. ಆತ ಬಗ್ಗಿ ನೋಡಿದರು, ಚಿಮಣಿ ನೋಡಿದರು, ಚಕ್ರ ನೋಡಿದರು. ‘ಅಳೆಯೋರು ಬಂದ್ರೆ ಏನಾದ್ರೂ ದೊಡ್ಡದಾಗೋದನ್ನೇ ನೋಡಿದೀವಿ. ಚಿಕ್ಕದು ಮಾಡೋಕೆ ಅಳೆಯೋರು ನೀವೇ ಮೊದಲು’ ಎಂದು, ನನ್ನ ಕೈಯಿಂದ ಟೇಪಿನ ತುದಿ ಕಸಿದುಕೊಂಡು, ‘ಬರ್ಕೊಳ್ಳಿ ಸಾರ್, ನಾನು ಹಿಡೀತೀನಿ’ ಎಂದರು.